ಬಹುಮಾನಕ್ಕೆ ಬೆಳೆದ ಸೇವಂತಿಗೆ

ನಾವು ಹೂವನ್ನು ಅಳೆಯುವುದು ಮೊಳದಲ್ಲಿ, ಮಾರಿನಲ್ಲಿ. ಸಗಟು ಮಾರುಕಟ್ಟೆಯಲ್ಲಾದರೆ ಕಿಲೋ ಲೆಕ್ಕ. ದಸರೆ ದೀಪಾವಳಿಯ ದಿನಗಳಲ್ಲಿ ಸೇವಂತಿಗೆಯ ಬೆಲೆ ಏರಿತೆಂದು ಗೊಣಗುವವರುಂಟು. ಆದರೆ ಒಂದೇ ಒಂದು ಹೂವನ್ನು ಎತ್ತಿ ಹಿಡಿದು, ಅದರ ಅಡ್ಡಳತೆ ನೋಡಿ, ಎಸಳುಗಳು ಒಳಕ್ಕೆ ಬಾಗಿವೆಯೋ ಹೊರಕ್ಕೋ ಎಂದು ಪರೀಕ್ಷಿಸಿ, ಅಂಕ ಹಾಕುವ ರೂಢಿ ನಮ್ಮ ಕಡೆ ಹೆಚ್ಚಿಲ್ಲ. ಚೀನಾ, ಜಪಾನ್ ಮತ್ತು ಇಂಗ್ಲೆಂಡುಗಳಲ್ಲಿ ಸೇವಂತಿಗೆಯ ಚರಿತ್ರೆ ಹೆಚ್ಚುಕಡಿಮೆ ಈ ಪರೀಕ್ಷೆಯ ಚರಿತ್ರೆಯೇ ಆಗಿದೆ. ಆ ಹೂವಿಗಾಗಿ ಊರೂರಲ್ಲಿ ಸಂಘಗಳು ಹುಟ್ಟಿದವು, ಜಗಳಗಳಾದವು, ನಿಯಮಗಳ ಪುಸ್ತಕಗಳು ಅಚ್ಚಾದವು. ಇಂದು ಬೆಂಗಳೂರಿನ ಕುಂಡದಲ್ಲೋ ಚಂಡೀಗಢದ ಉದ್ಯಾನದಲ್ಲೋ ಕಾಣುವ ಅಂಗೈಗಿಂತ ದೊಡ್ಡ ಸೇವಂತಿಗೆ, ಆ ಜಗಳಗಳಿಂದಲೇ ರೂಪುಗೊಂಡದ್ದು.

ಮೊದಲಿಗೆ ಒಂದು ಮಾತು. ಸೇವಂತಿಗೆ ಎಂದು ನಾವು ಕರೆಯುವುದು ನಿಜವಾಗಿ ಒಂದು ಹೂವಲ್ಲ, ಹೂಗಳ ಸಭೆ. ಸೂರ್ಯಕಾಂತಿ, ಚೆಂಡುಹೂಗಳ ಕುಟುಂಬಕ್ಕೆ ಸೇರಿದ ಇದರ ಒಂದೊಂದು ಎಸಳೂ ಒಂದೊಂದು ಪುಟ್ಟ ಹೂವು. ಕಾಡು ಸೇವಂತಿಗೆಯಲ್ಲಿ ನಡುವೆ ಹಳದಿ ಬಿಲ್ಲೆ, ಅಂಚಿನಲ್ಲಿ ಒಂದೇ ಸುತ್ತು ಎಸಳು. ನಡುವಿನ ಬಿಲ್ಲೆಯ ಕಿರುಹೂಗಳೂ ಎಸಳಿನ ರೂಪ ತಾಳುವಂತೆ ತಲೆತಲಾಂತರದಿಂದ ಆರಿಸುತ್ತ ಬಂದದ್ದರ ಫಲ, ನಾವು ಕಾಣುವ ತುಂಬುಹೂವು. ಈ ಆಯ್ಕೆಯ ಕೆಲಸವನ್ನು ಮೊದಲು ಕೈಗೆತ್ತಿಕೊಂಡವರು ಚೀನೀಯರು.

ಚೀನಾದಲ್ಲಿ ಸೇವಂತಿಗೆ ಪಂಡಿತರ ಹೂವು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಬಾಳಿದ ಕವಿ ತಾವೋ ಯುವಾನ್‌ಮಿಂಗ್, ಸರಕಾರಿ ನೌಕರಿಗೆ ಬೆನ್ನು ತಿರುಗಿಸಿ ಹಳ್ಳಿಗೆ ಹೋಗಿ ಸೇವಂತಿಗೆ ಬೆಳೆದವನು. ಅಂದಿನಿಂದ ಅದು ಏಕಾಂತಕ್ಕೂ ಸ್ವಾಭಿಮಾನಕ್ಕೂ ಸಂಕೇತವಾಯಿತು. ಬೇರೆ ಹೂಗಳೆಲ್ಲ ಉದುರಿದ ಮೇಲೆ, ಮಂಜು ಬೀಳುವ ಕಾಲಕ್ಕೆ ಅರಳುವ ಹೂವಲ್ಲವೇ! ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಸೇವಂತಿಗೆಯ ಮದ್ಯ ಕುಡಿದು ಗುಡ್ಡ ಹತ್ತುವುದು ಅಲ್ಲಿನ ಹಳೆಯ ಹಬ್ಬ. 1104ರಲ್ಲಿ ಲಿಯು ಮೆಂಗ್ ಎಂಬಾತ ಸೇವಂತಿಗೆಯ ತಳಿಗಳನ್ನೇ ವಿಷಯವಾಗಿಟ್ಟುಕೊಂಡು ಒಂದು ಗ್ರಂಥ ಬರೆದ. ನಮ್ಮಲ್ಲಿ ಆರನೆಯ ವಿಕ್ರಮಾದಿತ್ಯ ಕಲ್ಯಾಣದಿಂದ ಆಳುತ್ತಿದ್ದ ಕಾಲ ಅದು. ಹೂವೊಂದರ ತಳಿಗಳಿಗೆ ಹೆಸರು, ಬಣ್ಣ, ಯೋಗ್ಯತೆಯ ಕ್ರಮ ಗೊತ್ತುಮಾಡಿ ಪಟ್ಟಿ ಬರೆಯುವುದೆಂದರೆ, ಪ್ರದರ್ಶನದ ತೀರ್ಪುಗಾರ ಆಗಲೇ ಹುಟ್ಟಿದ್ದಾನೆ ಎಂದೇ ಅರ್ಥ.

ದಕ್ಷಿಣ ಚೀನಾದ ಷಿಯಾವೊಲಾನ್ ಎಂಬ ಊರಿನ ವಿಷಯ ಇನ್ನೂ ಸೋಜಿಗದ್ದು. ತಮ್ಮ ಪೂರ್ವಿಕರು ವಲಸೆ ಬಂದು ಅಲ್ಲಿ ನೆಲೆನಿಂತದ್ದರ ನೆನಪಿಗೆ ಊರವರು 1814ರಲ್ಲಿ ಸೇವಂತಿಗೆಯ ಮಹಾ ಉತ್ಸವವೊಂದನ್ನು ಆರಂಭಿಸಿದರು. ಅದು ನಡೆಯುವುದು ಅರವತ್ತು ವರ್ಷಕ್ಕೊಮ್ಮೆ! ನಮ್ಮ ಸಂವತ್ಸರ ಚಕ್ರದಂತೆಯೇ ಅವರದ್ದೂ ಅರವತ್ತರ ಸುತ್ತು. 1874, 1934, 1994ರಲ್ಲಿ ನಡೆದ ಉತ್ಸವ ಇನ್ನು ಬರುವುದು 2054ಕ್ಕೆ. ನಮ್ಮ ಪಂಚಾಂಗದಲ್ಲಿ ನೋಡಿದರೆ 1994–95 ಭಾವ ಸಂವತ್ಸರ. ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಒಂದು ಸಲ, ಪುಣ್ಯವಂತನಾದರೆ ಎರಡು ಸಲ ಕಾಣಬಹುದಾದ ಫಲಪುಷ್ಪ ಪ್ರದರ್ಶನ ಇದು. ನಡುವಿನ ವರ್ಷಗಳಲ್ಲಿ ಸಣ್ಣ ಪ್ರದರ್ಶನಗಳು ನಡೆಯುತ್ತವೆ. ಇಲ್ಲವಾದರೆ ಬೆಳೆಯುವ ವಿದ್ಯೆಯೇ ಮರೆತುಹೋದೀತು.

ಜಪಾನಿಗೆ ಹೋದ ಸೇವಂತಿಗೆ ಅರಮನೆ ಸೇರಿತು. ಹದಿನಾರು ಎಸಳಿನ ಸೇವಂತಿಗೆ ಅಲ್ಲಿನ ಚಕ್ರವರ್ತಿಯ ಲಾಂಛನ. ಆದರೆ ಸ್ಪರ್ಧೆಯ ಹುಚ್ಚು ಹತ್ತಿದ್ದು ನಗರವಾಸಿಗಳಿಗೆ ಮತ್ತು ಯುದ್ಧವಿಲ್ಲದೆ ಕೈಕಟ್ಟಿ ಕುಳಿತ ಸಮುರಾಯಿಗಳಿಗೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕ್ಯೋಟೊ ನಗರದಲ್ಲಿ ಹೂವಿಗೆ ಹೂವನ್ನು ಜೋಡಿಮಾಡಿ ಗೆಲುವು ಸೋಲು ನಿರ್ಣಯಿಸುವ ಕೂಟಗಳು ನಡೆಯುತ್ತಿದ್ದವು. ಹಿಗೋ ಸೀಮೆಯ ಸಮುರಾಯಿಗಳಂತೂ ಇದನ್ನೊಂದು ವ್ರತವನ್ನಾಗಿ ಮಾಡಿಕೊಂಡರು. ಅವರು ನೋಡುತ್ತಿದ್ದುದು ಬಿಡಿ ಹೂವನ್ನಲ್ಲ, ಇಡೀ ಪಾತಿಯನ್ನು: ಹಿಂದಿನ ಸಾಲು ಎತ್ತರ, ನಡುವಿನದು ಮಧ್ಯಮ, ಮುಂದಿನದು ಗಿಡ್ಡ, ಬಣ್ಣಗಳು ಇಂಥ ಕ್ರಮದಲ್ಲೇ ಬರಬೇಕು. ತಳಿಗಳನ್ನು ಕೂಟದ ಹೊರಗಿನವರಿಗೆ ಕೊಡುವಂತಿರಲಿಲ್ಲ. ಇಂಥ ಕಟ್ಟುಪಾಡಿನ ಬಗ್ಗೆ ನಗು ಬರಬಹುದು. ಆದರೆ ಹಿಗೋ ಸೇವಂತಿಗೆ ಇಂದಿಗೂ ಉಳಿದುಬಂದಿರುವುದರಲ್ಲಿ ಆ ಹಟಕ್ಕೂ ಪಾಲಿದೆ.

ಜನಸಾಮಾನ್ಯರ ಪ್ರದರ್ಶನವೂ ಅಲ್ಲಿ ಬೆಳೆಯಿತು. ಬಿದಿರಿನ ಚೌಕಟ್ಟಿಗೆ ಸೇವಂತಿಗೆಯನ್ನು ಹೊದಿಸಿ ನಾಟಕದ ಪಾತ್ರಗಳನ್ನು ನಿಲ್ಲಿಸುವ ಹೂಬೊಂಬೆಗಳನ್ನು ನೋಡಲು ಟೋಕಿಯೋದಲ್ಲಿ ಜನ ಮುಗಿಬೀಳುತ್ತಿದ್ದರು. ಕಸಾಮಾ ಎಂಬ ಊರಿನಲ್ಲಿ, ರಷ್ಯಾ ಜೊತೆಗಿನ ಯುದ್ಧ ಮುಗಿದ ಮೇಲೆ, ನೊಂದ ಜನರ ಮನಸ್ಸಿಗೆ ಸಮಾಧಾನವಾಗಲೆಂದು 1908ರಲ್ಲಿ ದೇಗುಲದ ಆವರಣದಲ್ಲಿ ಆರಂಭವಾದ ಸೇವಂತಿಗೆ ಹಬ್ಬ ಈಗ ಶತಮಾನ ದಾಟಿದೆ. ಟೋಕಿಯೋದ ಷಿಂಜುಕು ಗ್ಯೊಎನ್ ಉದ್ಯಾನದಲ್ಲಿ ನವೆಂಬರ್ ಮೊದಲ ಹದಿನೈದು ದಿನ ನಡೆಯುವ ಪ್ರದರ್ಶನದಲ್ಲಿ ಒಂದೇ ಕಾಂಡದಿಂದ ಕವಲೊಡೆಸಿ ನೂರಾರು ಹೂಗಳನ್ನು ಗುಮ್ಮಟದಂತೆ ಅರಳಿಸಿದ ಗಿಡಗಳಿರುತ್ತವೆ. ಎಲ್ಲ ಹೂವೂ ಒಂದೇ ಅಳತೆ, ಒಂದೇ ದಿನ ಅರಳಿದ್ದು. ಅದನ್ನು ನೋಡಿ ಬೆರಗಾಗದವರಿಲ್ಲ. ಗಿಡವನ್ನು ಇಷ್ಟು ಆಜ್ಞಾಧಾರಕವಾಗಿ ಮಾಡಬೇಕೆ ಎಂದು ಕೇಳುವವರೂ ಇರಬಹುದು.

ಯುರೋಪಿಗೆ ಸೇವಂತಿಗೆ ಮುಟ್ಟಿದ್ದು ತಡವಾಗಿ. ಲಿನ್ನೆಯಸ್ 1753ರಲ್ಲಿ ಇದಕ್ಕೆ ಗ್ರೀಕ್ ಭಾಷೆಯಲ್ಲಿ ‘ಹೊನ್ನಹೂ’ ಎಂಬರ್ಥ ಬರುವ ‘ಕ್ರಿಸಾಂಥಿಮಮ್’ ಎಂಬ ಹೆಸರಿಟ್ಟ. ಒಂದು ಜಾತಿಗೆ ‘ಇಂಡಿಕಂ’ ಎಂದೂ ಸೇರಿಸಿದ. ಆ ಕಾಲದ ಯುರೋಪಿಗೆ ಪೂರ್ವದಿಂದ ಬಂದದ್ದೆಲ್ಲ ಇಂಡಿಯಾದ್ದೇ. ಈ ಹೆಸರಿನ ರಗಳೆ ಅಲ್ಲಿಗೆ ಮುಗಿಯಲಿಲ್ಲ. 1961ರಲ್ಲಿ ಸಸ್ಯಶಾಸ್ತ್ರಜ್ಞರು ತೋಟದ ಸೇವಂತಿಗೆಯನ್ನು ಆ ಕುಲದಿಂದ ಹೊರಹಾಕಿ ‘ಡೆಂಡ್ರಾಂಥಿಮ’ ಎಂದು ಕರೆದರು. ಬೆಳೆಗಾರರು ಒಪ್ಪಲಿಲ್ಲ, ಹೂವಿನಂಗಡಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 1999ರಲ್ಲಿ ವಿದ್ವಾಂಸರೇ ಮಣಿದು ಹಳೆಯ ಹೆಸರನ್ನು ಮರಳಿ ಕೊಟ್ಟರು. ವಿಜ್ಞಾನಿಗಳ ಮೇಲೆ ತೋಟಗಾರರು ಗೆದ್ದ ಅಪರೂಪದ ಪ್ರಸಂಗ ಇದು.

ಫ್ರಾನ್ಸಿನಲ್ಲಿ ಮಹಾಕ್ರಾಂತಿ ಭುಗಿಲೆದ್ದ 1789ನೆಯ ವರ್ಷವೇ ಮಾರ್ಸೆಲ್ಸ್ ಬಂದರಿನ ವರ್ತಕ ಬ್ಲಾಂಕಾರ್ ಚೀನಾದಿಂದ ಮೂರು ಬಗೆಯ ಗಿಡಗಳನ್ನು ತಂದ. ಉಳಿದದ್ದು ಕೆನ್ನೇರಿಳೆ ಬಣ್ಣದ್ದೊಂದೇ. ಮರುವರ್ಷ ಅದು ಲಂಡನ್ನಿನ ಕ್ಯೂ ಉದ್ಯಾನ ಸೇರಿತು. ಆದರೆ ತೊಂದರೆಯೆಂದರೆ, ಯುರೋಪಿನ ಚಳಿಗೆ ಹೂವು ಬಿಡುವುದೇ ಕಷ್ಟ, ಬೀಜ ಕಟ್ಟುವುದು ಇನ್ನೂ ಕಷ್ಟ. ಬೀಜವಿಲ್ಲದೆ ಹೊಸ ತಳಿ ಎಲ್ಲಿಂದ ಬರಬೇಕು? ಹೊಸದು ಬೇಕಾದರೆ ಮತ್ತೆ ಚೀನಾಕ್ಕೇ ಹಡಗು ಕಳಿಸಬೇಕಿತ್ತು. 1827ರಲ್ಲಿ ತುಲೂಸ್ ನಗರದ ಬರ್ನೆ ಎಂಬ ಸೈನ್ಯಾಧಿಕಾರಿ ದಕ್ಷಿಣ ಫ್ರಾನ್ಸಿನ ಬಿಸಿಲಿನಲ್ಲಿ ಬೀಜದಿಂದ ಸಸಿ ಎಬ್ಬಿಸಿದ ಮೇಲೆ ಬೀಗ ತೆರೆದಂತಾಯಿತು.

ಇನ್ನೊಂದು ಬಾಗಿಲನ್ನು ತೆರೆದವನು ನಮಗೂ ಸಂಬಂಧಪಟ್ಟವನು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ 1848ರ ನಂತರ ಚೀನಾದ ಒಳನಾಡಿಗೆ ವೇಷ ಮರೆಸಿಕೊಂಡು ಹೋಗಿ, ಹಿಮಾಲಯದ ತೋಟಗಳಿಗೆ ಚಹಾ ಗಿಡಗಳನ್ನು ಸಾಗಿಸಿದ ರಾಬರ್ಟ್ ಫಾರ್ಚ್ಯೂನ್ ಅದಕ್ಕೂ ಮೊದಲೇ, 1846ರಲ್ಲಿ, ಚೀನಾದ ಚೂಸಾನ್ ದ್ವೀಪದ ಪುಟ್ಟ ಸೇವಂತಿಗೆಯನ್ನು ಇಂಗ್ಲೆಂಡಿಗೆ ತಂದಿದ್ದ. ಅಲ್ಲಿನವರಿಗೆ ಅದು ರುಚಿಸಲಿಲ್ಲ, ‘ಇದೇನು ಹುಲ್ಲುಹೂವು’ ಎಂಬಂತೆ ಕಂಡರು. ಫ್ರೆಂಚರು ಅದನ್ನೇ ಒಯ್ದು ಗುಂಡಿಯಂಥ ‘ಪಾಂಪಾನ್’ ಹೂಗಳನ್ನು ಸೃಷ್ಟಿಸಿ ಮರಳಿ ಇಂಗ್ಲಿಷರಿಗೇ ಮಾರಿದರು.

ಅದೇ 1846ರಲ್ಲಿ ಲಂಡನ್ನಿನ ಉತ್ತರದ ಸ್ಟೋಕ್ ನ್ಯೂಯಿಂಗ್ಟನ್ ಎಂಬ ಬಡಾವಣೆಯಲ್ಲಿ ಒಂದು ಸೇವಂತಿಗೆ ಸಂಘ ಹುಟ್ಟಿತು. ನಾರ್ವಿಚ್ ನಗರದಲ್ಲಿ 1829–30ರ ಹೊತ್ತಿಗೇ ಸೇವಂತಿಗೆಯ ಪ್ರದರ್ಶನ ನಡೆದಿತ್ತಾದರೂ, ಈ ಬಡಾವಣೆಯ ಸಂಘವೇ ಬೆಳೆದು 1884ರಲ್ಲಿ ರಾಷ್ಟ್ರೀಯ ಸೇವಂತಿಗೆ ಸಂಘವೆಂಬ ಹೆಸರು ತಳೆಯಿತು. ಇಂಥ ಸಂಘಗಳಿಗೆ ಅಲ್ಲಿ ಹಳೆಯ ಪರಂಪರೆಯೊಂದಿತ್ತು. ಕೈಮಗ್ಗದ ನೇಕಾರರು, ಕುಶಲಕರ್ಮಿಗಳು ಮನೆಯ ಹಿತ್ತಲಲ್ಲಿ ಟ್ಯೂಲಿಪ್, ಆರಿಕ್ಯುಲ, ಕಾರ್ನೇಷನ್ ಬೆಳೆದು ಊರಿನ ಪಾನಗೃಹದಲ್ಲಿ ಸೇರಿ ಸ್ಪರ್ಧೆ ನಡೆಸುತ್ತಿದ್ದರು. ಗೆದ್ದವನಿಗೆ ಒಂದು ತಾಮ್ರದ ಕೆಟಲ್. ನೇಕಾರನಿಗೆ ಮಗ್ಗ ಮನೆಯಲ್ಲೇ ಇತ್ತು. ಮೋಡ ಕವಿದರೆ ಎದ್ದು ಹೋಗಿ ಹೂವಿಗೆ ಮರೆ ಕಟ್ಟಿ ಬರಬಹುದಿತ್ತು. ಕಾರ್ಖಾನೆ ಬಂತು, ಗಂಟೆ ಹೊಡೆದಾಗ ಒಳಗೆ, ಗಂಟೆ ಹೊಡೆದಾಗ ಹೊರಗೆ. ಹಳೆಯ ನಾಜೂಕು ಹೂಗಳು ಆ ದಿನಚರಿಗೆ ಹೊಂದಲಿಲ್ಲ. ನಗರದ ಕಲ್ಲಿದ್ದಲ ಹೊಗೆಯನ್ನೂ ತಾಳಲಿಲ್ಲ.

ಸೇವಂತಿಗೆ ತಾಳಿತು. ಲಂಡನ್ನಿನ ನಟ್ಟನಡುವೆ, ವಕೀಲರ ಇನ್ನರ್ ಟೆಂಪಲ್ ಆವರಣದ ತೋಟಗಾರ ಸ್ಯಾಮ್ಯುಯಲ್ ಬ್ರೂಮ್ 1850ರ ದಶಕದಲ್ಲಿ ಥೇಮ್ಸ್ ದಂಡೆಯ ಆ ಹೊಗೆಯಲ್ಲೇ ಸೇವಂತಿಗೆಯ ಪಾತಿಗಳನ್ನು ಅರಳಿಸಿ ತೋರಿಸಿದಾಗ ನಗರದ ಜನ ಸಾಲುಗಟ್ಟಿ ನೋಡಿದರು. ಬೇಸಗೆಯ ಹೂವೆಲ್ಲ ಮುಗಿದು, ಮಂಜು ಮುಸುಕಿದ ನವೆಂಬರಿನಲ್ಲಿ ಬಣ್ಣವೆಂಬುದು ಉಳಿದದ್ದು ಇದೊಂದರಲ್ಲೇ. ಕೂಲಿಗಾರ ಕೂಡ ಕಿಟಕಿಯ ಕೆಳಗಿನ ಕುಂಡದಲ್ಲಿ ಬೆಳೆಯಬಹುದು ಎಂಬ ಮಾತು ಹಬ್ಬಿತು.

ಬಹುಮಾನದ ಹೂವನ್ನು ಬೆಳೆಯುವ ಕ್ರಮ ಕೇಳಿದರೆ, ಕೂಲಿಗಾರನಿಗೆ ಇಷ್ಟು ತಾಳ್ಮೆ ಎಲ್ಲಿತ್ತೋ ಎನಿಸುತ್ತದೆ. ಹೂ ಮುಗಿದ ಗಿಡವನ್ನು ಮೊಳಕಾಲೆತ್ತರಕ್ಕಿಂತ ಕೆಳಗೆ ಕತ್ತರಿಸಿದರೆ ಬುಡದಿಂದ ಮರಿಗಳೇಳುತ್ತವೆ. ಚಳಿಗಾಲದಲ್ಲಿ ಆ ಮರಿಗಳ ಕುಡಿಯನ್ನು ಚಿಕ್ಕ ಕುಂಡಕ್ಕೆ ನೆಡಬೇಕು. ಬೇರು ತುಂಬಿದಂತೆ ದೊಡ್ಡ ಕುಂಡಕ್ಕೆ, ಮತ್ತೂ ದೊಡ್ಡದಕ್ಕೆ. ಗಿಡ ಏರುತ್ತಿರುವಾಗ ಗೊತ್ತಾದ ದಿನ ಕುಡಿ ಚಿವುಟಬೇಕು. ಒಂದು ವಾರ ಹಿಂದುಮುಂದಾದರೆ ಹೂವು ಪ್ರದರ್ಶನದ ದಿನಕ್ಕೆ ಸಿಗುವುದಿಲ್ಲ. ಯಾವ ತಳಿಗೆ ಯಾವ ದಿನ ಎಂಬ ಲೆಕ್ಕವನ್ನು ಹಳಬರು ಕಿಸೆಪುಸ್ತಕದಲ್ಲಿ ಬರೆದಿಟ್ಟು, ಮಗನಿಗೂ ಕೊನೆಗಾಲದಲ್ಲಿ ಮಾತ್ರ ತೋರಿಸುತ್ತಿದ್ದರಂತೆ. ಒಡೆದ ಕವಲುಗಳಲ್ಲಿ ಮೂರನ್ನು ಬಿಟ್ಟು ಉಳಿದದ್ದು ಕೀಳಬೇಕು. ಕವಲಿನ ತುದಿಯಲ್ಲಿ ಮೊಗ್ಗುಗಳ ಗುಂಪು ಬಂದಾಗ ನಡುವಿನದೊಂದನ್ನು ಉಳಿಸಿ ಸುತ್ತಲಿನದನ್ನೆಲ್ಲ ಬೆರಳ ತುದಿಯಿಂದ ತೆಗೆಯಬೇಕು. ಇಡೀ ವರ್ಷದ ಗೊಬ್ಬರ, ನೀರು, ನಿದ್ದೆಗೆಟ್ಟ ಕಾವಲು ಎಲ್ಲವೂ ಕಡೆಗೆ ಮೂರೇ ಹೂವಿಗೆ. ಆ ಮೂರರಲ್ಲೂ ಒಂದರೊಳಗೆ ಹುಳು ಹೊಕ್ಕರೆ ಮುಗಿಯಿತು. ಹುಳುವಿಗೆಂದು ಊರುಗೋಲಿನ ತುದಿಗೆ ಹುಲ್ಲು ತುಂಬಿದ ಕುಂಡವನ್ನು ಬೋರಲು ಹಾಕುತ್ತಾರೆ. ರಾತ್ರಿ ತಿರುಗಾಡಿದ ಹುಳು ಬೆಳಗ್ಗೆ ಅದರೊಳಗೆ ಮಲಗಿರುತ್ತದೆ. ಮೊಗ್ಗು ಬಣ್ಣ ತೋರಿದೊಡನೆ ಮಳೆಹನಿ ಮತ್ತು ಮಸಿ ತಾಕದಂತೆ ಅದಕ್ಕೊಂದು ಕಾಗದದ ಚೀಲ.

ಇಷ್ಟಾದ ಮೇಲೂ ಹೂವು ತಾನಾಗಿ ನೆಟ್ಟಗಿರುವುದಿಲ್ಲ. ಆದ್ದರಿಂದ ‘ಅಲಂಕಾರ’ದ ವಿದ್ಯೆ ಹುಟ್ಟಿತು. ಪ್ರದರ್ಶನದ ಹಿಂದಿನ ರಾತ್ರಿ ದೀಪದ ಬೆಳಕಿನಲ್ಲಿ ಕುಳಿತು, ಸಣ್ಣ ಚಿಮಟಿಗೆಯಿಂದ ಒಂದೊಂದೇ ಎಸಳನ್ನು ತಿದ್ದಿ, ಸೊಟ್ಟಗಿದ್ದುದನ್ನು ಕಿತ್ತು, ಒಳಬಾಗಿನ ಹೂವನ್ನು ದುಂಡಗಿನ ಚೆಂಡಾಗಿಸುವುದು. ಆಮೇಲೆ ತೊಟ್ಟನ್ನು ಕೊಳವೆಗೆ ಸಿಕ್ಕಿಸಿ, ಹಸಿರು ಬಳಿದ ಹಲಗೆಯ ಮೇಲೆ ಹನ್ನೆರಡೋ ಇಪ್ಪತ್ತನಾಲ್ಕೋ ಹೂಗಳನ್ನು ಸಾಲಾಗಿ ಇಡುವುದು. ಎಲೆಯಿಲ್ಲ, ಕಾಂಡವಿಲ್ಲ, ಹಲಗೆಯ ಮೇಲೆ ಬರಿಯ ತಲೆಗಳು! ಇದು ತೋಟಗಾರಿಕೆಯೋ ಕ್ಷೌರವೋ ಎಂದು ವಾದ ಎದ್ದದ್ದರಲ್ಲಿ ಆಶ್ಚರ್ಯವಿಲ್ಲ. ಇಪ್ಪತ್ತನೆಯ ಶತಮಾನ ಬಂದಂತೆ ಹಲಗೆಗಳು ಹಿಂದೆ ಸರಿದು, ಕಾಂಡ ಎಲೆಗಳ ಸಮೇತ ಹೂದಾನಿಯಲ್ಲಿಡುವ ಕ್ರಮ ಮುಂದೆ ಬಂತು.

ಅದಕ್ಕಿಂತ ದೊಡ್ಡ ಜಗಳವಾದದ್ದು ಜಪಾನಿನ ಹೂವಿನಿಂದ. 1860–61ರಲ್ಲಿ ಜಪಾನಿಗೆ ಹೋದ ಇದೇ ಫಾರ್ಚ್ಯೂನ್ ಅಲ್ಲಿಂದ ಕೆದರಿದ ಕೂದಲಿನಂಥ, ಎಸಳು ಜೋತುಬಿದ್ದ, ನಾನಾ ಬಣ್ಣದ ದೊಡ್ಡ ಸೇವಂತಿಗೆಗಳನ್ನು ಕಳಿಸಿದ. ಅಷ್ಟರಲ್ಲಿ ಇಂಗ್ಲಿಷ್ ತೀರ್ಪುಗಾರನಿಗೆ ಚೆಂದವೆಂದರೆ ಕೈವಾರದಿಂದ ಎಳೆದಂಥ ಗೋಲ. ಹೊಸ ಹೂವು ಅವನ ಯಾವ ನಿಯಮಕ್ಕೂ ಒಗ್ಗಲಿಲ್ಲ. ಹಲವರು ಅದನ್ನು ಹೂವೆಂದೇ ಒಪ್ಪಲಿಲ್ಲ. ಜನ ಮಾತ್ರ ಅದರ ಮುಂದೆಯೇ ನಿಲ್ಲುತ್ತಿದ್ದರು. ಕಡೆಗೆ ಸಂಘಗಳು ಅದಕ್ಕೆ ಬೇರೆ ವರ್ಗವನ್ನೇ ತೆರೆಯಬೇಕಾಯಿತು. ಕೆಲವೇ ದಶಕಗಳಲ್ಲಿ ಆ ವರ್ಗವೇ ಪ್ರದರ್ಶನದ ಮುಖವಾಯಿತು. ಪ್ಯಾರಿಸ್ಸಿನ ಚಿತ್ರಕಾರರು ಜಪಾನಿನ ಚಿತ್ರಪಟಗಳಿಗೆ ಮರುಳಾದ ಕಾಲವೂ ಇದೇ. ಕಣ್ಣು ಪಳಗಲು ಎಷ್ಟು ಹಿಡಿಯಿತೋ ನಿಯಮ ಬದಲಾಗಲೂ ಅಷ್ಟು ಹಿಡಿಯಿತು.

ಹೂವು ಗಣಿಕಾರ್ಮಿಕರ ಕೇರಿಗೂ ಇಳಿಯಿತು. ದಿನವಿಡೀ ನೆಲದಡಿಯ ಕತ್ತಲಲ್ಲಿ ದುಡಿದವರು ಸಂಜೆ ಊರಿನ ತುಂಡು ಭೂಮಿಗಳಲ್ಲಿ ಸೇವಂತಿಗೆ, ಡೇಲಿಯಾ ಬೆಳೆದು ಶನಿವಾರದ ಪ್ರದರ್ಶನಕ್ಕೆ ಒಯ್ಯುತ್ತಿದ್ದರು. ಗಣಿಕಾರ್ಮಿಕನ ಮಗನಾಗಿದ್ದ ಡಿ. ಎಚ್. ಲಾರೆನ್ಸ್ 1911ರಲ್ಲಿ ಪ್ರಕಟಿಸಿದ ‘ಓಡರ್ ಆಫ್ ಕ್ರಿಸಾಂಥಿಮಮ್ಸ್’ ಕಥೆಯಲ್ಲಿ ಗಣಿಯಲ್ಲಿ ಸತ್ತವನ ಮನೆಯಲ್ಲಿ ಈ ಹೂವೇ ಇರುವುದು ಆಕಸ್ಮಿಕವಲ್ಲ. ಅದು ಆ ಅಂಗಳಗಳ ಹೂವು. ಫ್ರಾನ್ಸ್, ಇಟಲಿಗಳಲ್ಲಿ ಸೇವಂತಿಗೆ ಸಮಾಧಿಗಿಡುವ ಹೂವು. ಊಟಕ್ಕೆ ಕರೆದವರ ಮನೆಗೆ ಅದನ್ನು ಒಯ್ದರೆ ಅಪಶಕುನ. ದೇವರ ಮುಡಿಯಿಂದ ಮದುವೆಯ ಚಪ್ಪರದವರೆಗೆ ಸೇವಂತಿಗೆಯನ್ನು ಏರಿಸುವ ನಮಗೆ ಇದು ವಿಚಿತ್ರವೆನಿಸೀತು.

ಸೇವಂತಿಗೆ ಚಳಿಗಾಲದ ಹೊಸ್ತಿಲಲ್ಲೇ ಅರಳುವುದೇಕೆ? ಚಳಿಯಿಂದಲ್ಲ, ರಾತ್ರಿ ಉದ್ದವಾಗುವುದರಿಂದ. ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ, ಹೊಗೆಸೊಪ್ಪಿನ ಗಿಡದ ಮೇಲೆ ಪ್ರಯೋಗ ಮಾಡುತ್ತ, ಗಿಡಗಳು ಹಗಲು ರಾತ್ರಿಗಳ ಉದ್ದವನ್ನು ಅಳೆಯಬಲ್ಲವು ಎಂದು ತೋರಿಸಿದರು. ಸೇವಂತಿಗೆಯೂ ಅಂಥದ್ದೇ. ಈ ಗುಟ್ಟು ತಿಳಿದ ಮೇಲೆ ಕಪ್ಪು ಬಟ್ಟೆ ಮುಚ್ಚಿ ರಾತ್ರಿಯನ್ನು ಹಿಗ್ಗಿಸುವುದು, ನಡುರಾತ್ರಿ ದೀಪ ಹಚ್ಚಿ ಅದನ್ನು ಮುರಿಯುವುದು ಸಾಧ್ಯವಾಯಿತು. ವರ್ಷವಿಡೀ ಸೇವಂತಿಗೆ ಬಂತು. ಎಲ್ಲ ಕಾಲದಲ್ಲೂ ಸಿಗುವ ಅಗ್ಗದ ಹೂವಾದ ಮೇಲೆ ನವೆಂಬರಿನ ಹೂವಿಗಿದ್ದ ಮರ್ಯಾದೆ ತಗ್ಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಂತೂ ಇಂಗ್ಲೆಂಡಿನ ಗಾಜಿನ ಮನೆಗಳು ಟೊಮೆಟೊ ಬೆಳೆಯಬೇಕಾಗಿ ಬಂದು ಎಷ್ಟೋ ಹೂಗಿಡಗಳು ಮೂಲೆ ಸೇರಿದ್ದವು. ಯುದ್ಧಾನಂತರ ಸಂಘಗಳು ಚೇತರಿಸಿಕೊಂಡವು. ಗಣಿಗಳು ಮುಚ್ಚಿ, ಹಳಬರು ತೀರಿಕೊಂಡಂತೆ ಮತ್ತೆ ಸೊರಗುತ್ತ ಬಂದವು.

ಇಲ್ಲಿಯೇ ಈ ಹವ್ಯಾಸದ ನಿಜವಾದ ಬೆಲೆ ತಿಳಿಯುವುದು. ಹೆಸರಾಂತ ಸೇವಂತಿಗೆ ತಳಿಯನ್ನು ಬೀಜದಿಂದ ಪಡೆಯಲಾಗದು. ಬೀಜದಿಂದ ಬಂದ ಸಸಿ ತಾಯಿಯಂತಿರುವುದಿಲ್ಲ. ಪ್ರತಿವರ್ಷ ಯಾರಾದರೊಬ್ಬರು ಬುಡದ ಮರಿಯನ್ನು ಬಿಡಿಸಿ ನೆಡಲೇಬೇಕು. ಭತ್ತದ ತಳಿಯಾದರೆ ಮಡಕೆಯಲ್ಲಿ ಕೆಲವು ವರ್ಷ ಮಲಗಿದ್ದೀತು. ಇದಕ್ಕೆ ಅಂಥ ನಿದ್ದೆಯಿಲ್ಲ. ಎಲ್ಲರೂ ಒಂದು ವರ್ಷ ಮರೆತರೆ ತಳಿ ಹೋಯಿತೆಂದೇ ಲೆಕ್ಕ. ಸೋತರೂ ಬಿಡದೆ ಹಿತ್ತಲಲ್ಲಿ ಹತ್ತು ಕುಂಡ ಇಟ್ಟುಕೊಂಡಿದ್ದ ನಿವೃತ್ತ ಕಾರ್ಮಿಕನೇ ಆ ತಳಿಗಳ ಭಂಡಾರವಾಗಿದ್ದ. ಆದರೆ ಪ್ರದರ್ಶನವೆಂಬುದು ಕಾಯುವಂತೆ ಕೊಲ್ಲಲೂ ಬಲ್ಲದು: ಬಹುಮಾನ ಬರದ ತಳಿಯನ್ನು ಹೆಚ್ಚು ಕಾಲ ಯಾರೂ ಸಾಕುವುದಿಲ್ಲ.

ಭಾರತದಲ್ಲಿ ದೊಡ್ಡ ಸೇವಂತಿಗೆಯ ಗೀಳು ಹೆಚ್ಚಾಗಿ ಉತ್ತರದ್ದು, ಬಂಗಾಳದ್ದು. ವಿಲಿಯಂ ಕೇರಿ 1820ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಕೃಷಿ–ತೋಟಗಾರಿಕೆ ಸಂಘದ ಕಾಲದಿಂದ ಪುಷ್ಪ ಪ್ರದರ್ಶನದ ರೂಢಿ ಬೇರೂರಿತು. ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ, ಚಂಡೀಗಢದ ಟೆರೇಸ್ಡ್ ಗಾರ್ಡನ್ನಿನಲ್ಲಿ ಡಿಸೆಂಬರ್ ಎಂದರೆ ‘ಗುಲ್‌ದಾವೂದಿ’ಯ ಜಾತ್ರೆ. ಇಂಗ್ಲಿಷರಿಂದ ಬಂದ ‘ಸ್ನೋಬಾಲ್’ ಪಕ್ಕದಲ್ಲೇ ‘ಸೋನಾರ್ ಬಾಂಗ್ಲಾ’, ‘ಮಹಾತ್ಮಾ ಗಾಂಧಿ’, ‘ಕಸ್ತೂರ್ಬಾ ಗಾಂಧಿ’ ಎಂಬ ಹೆಸರಿನ ಹೂಗಳು ನಿಂತಿರುತ್ತವೆ. ಲಖನೌದ ವಿಜ್ಞಾನಿಗಳು ಕುಡಿ ಚಿವುಟದೆ, ಊರುಗೋಲು ಕೊಡದೆ ತಾನಾಗಿ ದುಂಡಗೆ ಬೆಳೆಯುವ ಗಿಡ್ಡ ತಳಿಗಳನ್ನೂ ರೂಪಿಸಿದ್ದಾರೆ. ಪುರುಸೊತ್ತಿಲ್ಲದ ಕಾಲಕ್ಕೆ ತಕ್ಕ ಗಿಡ.

ಕರ್ನಾಟಕದ ಕಥೆ ಬೇರೆ. ಪ್ರದರ್ಶನಕ್ಕೆ ಲಾಲ್‌ಬಾಗಿನಷ್ಟು ಹೆಸರಾದ ಜಾಗ ದಕ್ಷಿಣದಲ್ಲಿ ಇನ್ನೊಂದಿಲ್ಲ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯನ್ನು ಕಟ್ಟಿಸಿದ್ದೇ ಫಲಪುಷ್ಪ ಪ್ರದರ್ಶನದ ಸಲುವಾಗಿ. ಆದರೆ ಅಲ್ಲಿನ ಎರಡು ದೊಡ್ಡ ಪ್ರದರ್ಶನಗಳು ಬೀಳುವುದು ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯ ದಿನಾಚರಣೆಗೆ. ನಮ್ಮ ಸೇವಂತಿಗೆಯ ಸಹಜ ಸುಗ್ಗಿ ಅವೆರಡರ ನಡುವೆ, ದಸರೆಯಿಂದ ಡಿಸೆಂಬರಿನವರೆಗೆ. ಹೂವಿನ ಕಾಲವೂ ಪ್ರದರ್ಶನದ ಕಾಲವೂ ಒಂದನ್ನೊಂದು ತಪ್ಪಿಸಿಕೊಂಡಿವೆ. ಗಾಜಿನ ಮನೆಯಲ್ಲಿ ಸೇವಂತಿಗೆ ಕಂಡರೆ ಅದು ಬಹುಮಟ್ಟಿಗೆ ಹೊತ್ತು ನೋಡಿ ಅರಳಿಸಿದ ಕುಂಡದ ತಳಿ ಅಥವಾ ಬೇರೆ ಆಕೃತಿಗೆ ಹೊದಿಸಿದ ಬಿಡಿಹೂವು.

ನಮ್ಮ ಹೊಲಗಳ ಲೆಕ್ಕಾಚಾರಕ್ಕೂ ಗೋಲದ ಅಂದಕ್ಕೂ ಸಂಬಂಧವಿಲ್ಲ. ಇಲ್ಲಿನ ತೀರ್ಪುಗಾರ್ತಿ ಹೂ ಕಟ್ಟುವ ಹೆಂಗಸು. ದಾರ ಬಿಗಿದಾಗ ತೊಟ್ಟು ಕತ್ತರಿಸಬಾರದು, ಎಸಳು ಉದುರಬಾರದು, ಬೆಳಗ್ಗೆ ಕಟ್ಟಿದ್ದು ಸಂಜೆಯ ಪೂಜೆಗೂ ಬಾಡದಿರಬೇಕು, ತಕ್ಕಮಟ್ಟಿಗೆ ಘಮವಿರಬೇಕು. ‘ಕಸ್ತೂರಿ’, ‘ರಾಜ’ದಂಥ ನಾಡತಳಿಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾದವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಚಂದ್ರಿಕಾ’, ‘ಕೀರ್ತಿ’, ‘ಇಂದಿರಾ’ ಮೊದಲಾದವನ್ನು ಬಿಡುಗಡೆ ಮಾಡಿತು. ಹೂವು ಹೊಲದಿಂದ ದೂರದ ಪೇಟೆಗಳಿಗೆ ಲಾರಿಯಲ್ಲಿ ಹೋಗತೊಡಗಿದ ಮೇಲೆ ತೂಕ ಮತ್ತು ಗಟ್ಟಿತನದ ಲೆಕ್ಕ ಮೇಲಾಯಿತು. ಘಮ ಕೇಳುವವರು ಕಡಿಮೆಯಾದರು. ಬೆಂಗಳೂರಿನಲ್ಲಿ ಹಗಲು ವರ್ಷದ ಯಾವ ದಿನವೂ ಹದಿಮೂರು ಗಂಟೆ ಮುಟ್ಟುವುದಿಲ್ಲವಾದ್ದರಿಂದ, ಇಲ್ಲಿ ಗಿಡ ಬೆಳೆಯುವ ಮುನ್ನವೇ ಮೊಗ್ಗೊಡೆಯುವ ಅವಸರದಲ್ಲಿರುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದು ಅದಕ್ಕೇ: ಇನ್ನೂ ರಾತ್ರಿಯಾಗಿಲ್ಲವೆಂದು ಗಿಡವನ್ನು ನಂಬಿಸಿ, ಮೊದಲು ಎತ್ತರಕ್ಕೆ ಬೆಳೆಸಿ, ಆಮೇಲೆ ದೀಪ ಆರಿಸುತ್ತಾರೆ.

ಸುಗ್ಗಿ ಮುಗಿದ ಜನವರಿ–ಫೆಬ್ರವರಿಯಲ್ಲಿ ಹೊಲವನ್ನು ಉತ್ತು ಬೇರೆ ಬೆಳೆಗೆ ಅಣಿಮಾಡುತ್ತಾರೆ. ಬೇಕಾದ ಸಸಿ ಈಗ ನರ್ಸರಿಯಿಂದ ಟ್ರೇಗಳಲ್ಲಿ ಬರುವುದರಿಂದ, ತಾಯಿಗಿಡಗಳ ಒಂದು ಸಾಲನ್ನು ಬಾವಿಯ ಪಕ್ಕದಲ್ಲಿ ಉಳಿಸಿ, ಬುಡದ ಮರಿ ಬಿಡಿಸಿ ನೆರೆಯವರಿಗೂ ಕೊಡುತ್ತಿದ್ದ ಪದ್ಧತಿ ಕಡಿಮೆಯಾಗುತ್ತಿದೆ. ಆದರೂ ಹಳೆಯ ಮನೆಗಳ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಹೆಸರು ಗೊತ್ತಿಲ್ಲದ ಸಣ್ಣ ಹಳದಿ ಸೇವಂತಿಗೆಯ ಪೊದೆಯೊಂದು ಅಲ್ಲಲ್ಲಿ ಈಗಲೂ ಕಾಣಸಿಗುತ್ತದೆ. ತವರಿನಿಂದ ಅಜ್ಜಿ ತಂದು ನೆಟ್ಟದ್ದು ಎನ್ನುತ್ತಾರೆ ಮನೆಯವರು. ಕೇಳಿದರೆ ಬುಡದಿಂದ ಒಂದು ಮರಿಯನ್ನು ಮಣ್ಣುಸಮೇತ ಕಿತ್ತು, ಬಾಳೆಎಲೆಯಲ್ಲಿ ಸುತ್ತಿ ಕೊಡುತ್ತಾರೆ.